ಆಮೇಲಣ್ಣನ ಟರ್ಬೊ

ಗುರುವಾರ ಬೆಳಿಗ್ಗೆ ಲಾಂಡ್ರಿಯವನು ಆಸ್ಪತ್ರೆಯ ಮೂವತ್ತಾರು ಬಿಳಿ ಕೋಟುಗಳನ್ನು ಹಗ್ಗಕ್ಕೆ ಹಾಕಿ, ಬಾಯಲ್ಲಿ ಕಚ್ಚಿಕೊಂಡಿದ್ದ ಕೊನೆಯ ಕ್ಲಿಪ್ಪನ್ನು ತೆಗೆಯುವುದಕ್ಕೂ ಪಕ್ಕದ ಶೆಡ್ಡಿನಲ್ಲಿ 'ಢಬ್' ಎನ್ನುವುದಕ್ಕೂ ಸರಿಹೋಯಿತು. ಬೆನ್ನಿಗೇ ಹಾವು ಬುಸುಗುಟ್ಟಿದ ಸದ್ದು. ಅದರ ಬೆನ್ನಿಗೆ ಹಳೆಯ ಲಾರಿಯ ಹಿಂಭಾಗದಿಂದ ಕಾಡಿಗೆಯಂಥ ಹೊಗೆ ಎದ್ದು, ಗೋಡೆ ಹಾರಿ, ಒಂದೊಂದು ಕೋಟಿನ ಯೋಗಕ್ಷೇಮವನ್ನೂ ವಿಚಾರಿಸಿಕೊಂಡು ಹೋಯಿತು. ಹೊಗೆ ಕರಗಿದಾಗ ಡಾಕ್ಟರುಗಳ ಕೋಟುಗಳೆಲ್ಲ ವಕೀಲರ ಕೋಟುಗಳಾಗಿದ್ದವು.

ಲಾರಿಯ ಸೀಟಿನಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕೂತಿದ್ದವಳು ಲಾರಿಯ ಒಡತಿ. ಬಾನೆಟ್ಟಿನ ಹಿಂದಿನಿಂದ ನಿಧಾನವಾಗಿ ಎದ್ದು ನಿಂತವನು ಅವಳ ಗಂಡ, ಮೆಕ್ಯಾನಿಕ್. ಕಿತ್ತುಬಂದ ಪೈಪಿನ ಗಾಳಿಗೆ ಅವನ ಕೂದಲೆಲ್ಲ ಹಿಂದಕ್ಕೆ ಬಾಚಿಕೊಂಡಿತ್ತು. ಮದುವೆಯಾದ ಮೇಲೆ ಅವನು ಅಷ್ಟು ಚೆನ್ನಾಗಿ ತಲೆ ಬಾಚಿದ್ದನ್ನು ಅವಳು ನೋಡಿರಲಿಲ್ಲ.

"ಪೈಪಿನ ಕ್ಲಾಂಪ್ ಬಿಗಿ ಮಾಡಿರಲಿಲ್ವಾ?" ಅಂದಳು.

"ಮೂರು ಮಾಡಿದ್ದೆ. ನಾಲ್ಕನೇದು ಆಮೇಲೆ ಮಾಡೋಣ ಅಂತ ಚಹಾ ಕುಡಿಯೋಕೆ ಹೋದೆ. ಅಷ್ಟರಲ್ಲಿ ನೀನು ಈಗಲೇ ಸ್ಟಾರ್ಟ್ ಮಾಡ್ತೀನಿ ಅಂದೆ."

ಅವರ ಇಪ್ಪತ್ತೆರಡು ವರ್ಷದ ಸಂಸಾರದ ಕಥೆ ಈ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಅವನ ಬಾಯಲ್ಲಿ ಸದಾ 'ಆಮೇಲೆ', ಅವಳ ಬಾಯಲ್ಲಿ ಸದಾ 'ಈಗಲೇ'. ಬೀದಿಯವರು ಅವನಿಗೆ ಆಮೇಲಣ್ಣ ಎಂದು ಹೆಸರಿಟ್ಟಿದ್ದರು. ಅವಳಿಗೂ ಒಂದು ಹೆಸರಿಡಬೇಕೆಂದುಕೊಂಡರು, ಆದರೆ ಅವಳು ನಿಂತಲ್ಲಿ ನಿಂತಿದ್ದರೆ ತಾನೇ?

ಅವನು ಈ ಮನೆಗೆ ಬಂದದ್ದೂ ಲಾರಿಯ ದೆಸೆಯಿಂದಲೇ. ಅವಳ ಅಪ್ಪ ಹೂಕುಂಡ ಮಾಡುವವರು. ಹಿತ್ತಲಲ್ಲಿ ಕುಂಡ ಸುಡುವ ಗೂಡು, ಅಂಗಳದಲ್ಲಿ ಜೇಡಿಮಣ್ಣಿನ ಗುಡ್ಡೆ, ಬಾಗಿಲಲ್ಲಿ ಲಾರಿ. ಒಂದು ದಿನ ಗೇರ್ ಬೀಳದೆ ಲಾರಿ ಕೂತಾಗ ಯಾರೋ ಈ ಹುಡುಗನನ್ನು ಕಳಿಸಿದರು. ಅವನು ಗೇರ್‌ಬಾಕ್ಸ್ ಬಿಚ್ಚಿ, ಹಳೆಯ ಸೀರೆಯ ಮೇಲೆ ಒಂದೊಂದು ಹಲ್ಲಿನ ಚಕ್ರವನ್ನೂ ಒರೆಸಿಟ್ಟು ಹನ್ನೊಂದು ದಿನ ಕೂತ. ದಿನಾ ಊಟ ಬಡಿಸಿದ ಅವಳ ಅಮ್ಮ ಇವತ್ತಿಗೂ ಬಂದವರೆದುರು ಹೇಳುವುದಿದೆ: "ರಿಪೇರಿಗೆ ಅಂತ ಬಂದ ಪುಣ್ಯಾತ್ಮ. ಗಾಡಿ ಹೊರಟಿತು, ಇವನು ಹೊರಡಲಿಲ್ಲ."

ಅಪ್ಪ ಹೋದ ಮೇಲೆ ಕುಂಡದ ಕೆಲಸವೂ ಲಾರಿಯ ಸ್ಟೀರಿಂಗೂ ಅವಳ ಕೈಗೆ ಬಂದವು. ಕುಂಡಗಳು ಹೋಗಬೇಕಾದದ್ದು ಬೆಟ್ಟದ ಮೇಲಿನ ಗಿಡದಂಗಡಿಗೆ. ಅರೆಹೊಟ್ಟೆಯಲ್ಲಿ ಲಾರಿ ಹೇಗೋ ಹತ್ತುತ್ತಿತ್ತು. ಹೊಟ್ಟೆ ತುಂಬಿದರೆ ಆರನೇ ತಿರುವಿನಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಲ್ಲಿ ರಸ್ತೆಯ ಅಂಚಿನಲ್ಲಿ ಅಪ್ಪ ಇಟ್ಟ ಒಂದು ಮುಕ್ಕೋಣದ ಕಲ್ಲಿತ್ತು. ಅದನ್ನು ಹಿಂದಿನ ಚಕ್ರಕ್ಕೆ ಒತ್ತು ಕೊಟ್ಟು, ರೇಡಿಯೇಟರ್ ತಣ್ಣಗಾಗುವವರೆಗೆ ಕಾಯಬೇಕು. ಕಾಯುವುದೆಂದರೆ ಅವಳಿಗೆ ಮೈಮೇಲೆ ಇರುವೆ ಹರಿದಂತೆ. ಅದಕ್ಕೇ ಅರ್ಧರ್ಧ ಲೋಡಿನಂತೆ ದಿನಕ್ಕೆರಡು ಸಲ ಹತ್ತುತ್ತಿದ್ದಳು. ಎರಡನೇ ಲೋಡು ತಲುಪುವಾಗ ಮಧ್ಯಾಹ್ನ.

ಮೂರು ವಾರದ ಹಿಂದೆ ಅಂಗಡಿಯ ಯಜಮಾನಿ ಹೇಳಿದ್ದಳು: "ನೋಡಮ್ಮಾ, ಗಿರಾಕಿ ಬರೋದು ಎಂಟಕ್ಕೆ. ನಿನ್ನ ಕುಂಡ ಬರೋದು ಅವರು ಊಟಕ್ಕೆ ಹೋದ ಮೇಲೆ. ತಿಂಗಳ ಕೊನೇ ಶನಿವಾರದಿಂದ ಪೂರ್ತಿ ಇನ್ನೂರು ಕುಂಡ ಒಂದೇ ಸಲಕ್ಕೆ, ಎಂಟರೊಳಗೆ ಬರಬೇಕು. ಆಗಲ್ಲ ಅಂದ್ರೆ ಹೇಳಿಬಿಡು, ಹೊಸ ಗಾಡಿ ಇರೋರು ಬೇಕಾದಷ್ಟು ಜನ ಇದ್ದಾರೆ."

ಆ ಸಂಜೆ ಅವಳು ಶೆಡ್ಡಿಗೆ ಬಂದವಳೇ ಬಾಗಿಲಿಗೆ ಆತುಕೊಂಡಿದ್ದ ಬಸವನಹುಳುವಿನಾಕಾರದ ಕಬ್ಬಿಣದ ಮುದ್ದೆಯನ್ನು ಎಡವಿದಳು. ಗಾಳಿಗೆ ಬಾಗಿಲು ಬಡಿಯದಿರಲೆಂದು ಗಂಡ ವರ್ಷದಿಂದ ಅಲ್ಲಿಟ್ಟಿದ್ದ ಗುಜರಿ ಟರ್ಬೊ ಅದು. ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿಯುತ್ತಲೇ ಎರಡು ತೀರ್ಮಾನ ಮಾಡಿದಳು.

"ನಾಳೇನೇ ಬಡಗೀನ ಕರೆಸಿ ಈ ದರಿದ್ರ ಬಾಗಿಲಿಗೊಂದು ಕೊಂಡಿ ಹಾಕಿಸ್ತೀನಿ. ಆ ಶನಿವಾರ ಲಾರಿ ಹತ್ತಲಿಲ್ಲ ಅಂದ್ರೆ ಭಾನುವಾರ ಗುಜರಿಯವನನ್ನ ಕರೆಸ್ತೀನಿ. ಸಾಕು ಇದರ ಸಹವಾಸ."

ಹೇಳಿ ಮುಖ ಆಚೆ ತಿರುಗಿಸಿದಳು. ಬೆರಳಿನ ನೋವೆಂದು ತೋರಿಸಿಕೊಂಡಳು. ಸ್ಟೀರಿಂಗಿನ ಮೇಲೆ ಅಪ್ಪನ ಅಂಗೈ ಸವೆಸಿದ ಎರಡು ನುಣುಪು ಜಾಗಗಳಿದ್ದವು. ದಿನಾ ಅಲ್ಲಿಯೇ ಕೈಯಿಟ್ಟು ಓಡಿಸುತ್ತಿದ್ದವಳಿಗೆ ಗುಜರಿಯವನ ಮಾತೆತ್ತುವುದು ಸುಲಭವಿರಲಿಲ್ಲ.

ಮರುದಿನ ಬಡಗಿ ಬಂದ, ಕೊಂಡಿ ಬಿತ್ತು. ಅದರ ಮಾರನೆಯ ಬೆಳಿಗ್ಗೆ ಅವಳು ಎದ್ದು ನೋಡಿದರೆ ಗಂಡ ಬಾನೆಟ್ ಎತ್ತಿಟ್ಟು ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಬಿಚ್ಚುತ್ತಿದ್ದ. ಯಾರೂ ಹೇಳಿರಲಿಲ್ಲ. ಒಂದು ಸಲವೂ 'ಆಮೇಲೆ' ಎಂದಿರಲಿಲ್ಲ. ಅವಳು ಅವನ ಹಣೆ ಮುಟ್ಟಿ ನೋಡಿದಳು. ಜ್ವರವೂ ಇರಲಿಲ್ಲ.

"ಟರ್ಬೊ ಕೂರಿಸ್ತೀನಿ," ಅಂದ.

"ಹಾಗಂದ್ರೆ ಏನಪ್ಪಾ?" ಎಂದು ಅಮ್ಮ ಕಿಟಕಿಯಿಂದಲೇ ಕೇಳಿದರು.

"ಇಂಜಿನ್ ಬಿಟ್ಟ ಹೊಗೆ ಸುಮ್ನೆ ಹೊರಗೆ ಹೋಗ್ತಿದೆಯಲ್ಲ ಅತ್ತೆ, ಅದರ ರಭಸಕ್ಕೆ ಒಂದು ಚಕ್ರ ತಿರುಗುತ್ತೆ. ಅದು ಇನ್ನೊಂದು ಚಕ್ರ ತಿರುಗಿಸಿ ಇಂಜಿನ್ ಒಳಗೆ ಜಾಸ್ತಿ ಗಾಳಿ ತುಂಬುತ್ತೆ. ಜಾಸ್ತಿ ಗಾಳಿ, ಜಾಸ್ತಿ ಶಕ್ತಿ."

"ಬಿಟ್ಟ ನಿಟ್ಟುಸಿರೇ ಬಲ ಆಗೋದಿದ್ರೆ ಈ ಮನೇಲಿ ನಾನು ಪೈಲ್ವಾನ್ ಆಗಿರಬೇಕಿತ್ತು," ಎಂದು ಅಮ್ಮ ಕಿಟಕಿ ಮುಚ್ಚಿದರು.

ಮೂರು ವಾರ ಶೆಡ್ಡಿನಲ್ಲಿ ಅವನು ಅವನದೇ ತಾಳದಲ್ಲಿ ಕೆಲಸ ಮಾಡಿದ. ಅಷ್ಟು ದಿನ ಕುಂಡಗಳು ಬಾಡಿಗೆ ಗಾಡಿಯಲ್ಲಿ ಬೆಟ್ಟ ಹತ್ತಿದವು. ಟರ್ಬೊದ ದಂಡಕ್ಕೆ ಎಣ್ಣೆ ಬರಲು ಒಂದು ಸಣ್ಣ ಪೈಪು, ಎಣ್ಣೆ ಇಳಿದುಹೋಗಲು ಒಂದು ದಪ್ಪ ಪೈಪು. ಅದಕ್ಕಾಗಿ ಇಂಜಿನ್ನಿನ ಅಡಿಯ ಎಣ್ಣೆಯ ತಟ್ಟೆಯನ್ನು ಬಿಚ್ಚಿ ತೂತು ಕೊರೆದು, ಬೆಸುಗೆ ಹಾಕಿಸಿ, ಸೋರುತ್ತದೋ ಎಂದು ಸೀಮೆಎಣ್ಣೆ ತುಂಬಿ ಒಂದು ಹಗಲು ಪೂರ್ತಿ ಅದರೆದುರು ಕೂತ. "ಹಳೇ ಇಂಜಿನ್ನು. ಗಾಳಿ ಮಿತಿಯಲ್ಲಿ ಊದಬೇಕು. ವಯಸ್ಸಾದವರಿಗೆ ಬಡಿಸಿದ ಹಾಗೆ," ಎಂದ. ಬೀದಿಯವರು ಬಂದು ಇಣುಕಿ, "ಮೊದಲು ಆಮೇಲಣ್ಣನಿಗೇ ಒಂದು ಟರ್ಬೊ ಹಾಕಿಸಮ್ಮಾ" ಎಂದು ಹಲ್ಲು ಕಿರಿದು ಹೋದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಸ್ಪ್ಯಾನರ್ ಎತ್ತಿಕೊಡುತ್ತಾ "ಆಯ್ತಾ? ಈಗ ಆಯ್ತಾ?" ಎನ್ನುತ್ತಿದ್ದಳು. ಗುರುವಾರದ 'ಢಬ್' ಆ ಅವಸರದ ಫಲ.

ಆ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಲಾಂಡ್ರಿಯವನ ತೊಟ್ಟಿಯಲ್ಲಿ ಮೊಣಕೈವರೆಗೆ ನೊರೆ ಮಾಡಿಕೊಂಡು ಮೂವತ್ತಾರು ಕೋಟು ಒಗೆದರು. ಅವಳು ಇಪ್ಪತ್ತೊಂಬತ್ತು ಒಗೆದಳು, ಅವನು ಏಳು. ಆದರೆ ಅವನ ಏಳು ಎಷ್ಟು ಬೆಳ್ಳಗಾದವೆಂದರೆ ಲಾಂಡ್ರಿಯವನು ಕೋಪ ಮರೆತು, "ಅಣ್ಣಾ, ಗ್ಯಾರೇಜು ಮುಚ್ಚಿದ್ರೆ ನನ್ನ ಹತ್ರ ಬಂದುಬಿಡು" ಎಂದ.

ಶುಕ್ರವಾರ ನಾಲ್ಕನೇ ಕ್ಲಾಂಪನ್ನು ಅವಳೇ ಬಿಗಿದಳು. ಅವನು ಕೀಲಿ ಕೊಡುವಾಗ ಒಂದೇ ಷರತ್ತು ಹಾಕಿದ.

"ಏರು ಹತ್ತಿ ನಿಂತ ತಕ್ಷಣ ಆಫ್ ಮಾಡಬಾರದು. ಟರ್ಬೊದ ಚಕ್ರ ಕಾದು ಕೆಂಡ ಆಗಿರುತ್ತೆ. ಇಂಜಿನ್ ನಿಂತರೆ ಎಣ್ಣೆನೂ ನಿಲ್ಲುತ್ತೆ, ಒಳಗೆ ಸುಟ್ಟು ಕರಕಲು ಆಗುತ್ತೆ. ಎರಡು ನಿಮಿಷ ಸುಮ್ನೆ ಓಡ್ತಾ ಇರಬೇಕು."

"ಆ ಎರಡು ನಿಮಿಷ ನಾನೇನು ಮಾಡ್ಲಿ?"

"ಏನೂ ಮಾಡಬಾರದು."

ಇಂಥ ಕೆಲಸವನ್ನು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಗಿನ ಜಾವ ಐದಕ್ಕೆ ಹುಲ್ಲು ಹಾಸಿ ಇನ್ನೂರು ಕುಂಡ ಏರಿಸಿದರು. ನಡುವೆ ಅಮ್ಮ, ಅಂಚಿನಲ್ಲಿ ಗಂಡ, ಸ್ಟೀರಿಂಗಿನ ನುಣುಪು ಜಾಗಗಳ ಮೇಲೆ ಅವಳ ಕೈ. ಮೊದಲ ಮೂರು ತಿರುವು ಲಾರಿ ಎಂದಿನಂತೆ ಗೊಣಗಿತು. ನಾಲ್ಕನೆಯದರಲ್ಲಿ ಅವಳು ಕಾಲು ಒತ್ತಿದಾಗ ಬಾನೆಟ್ಟಿನೊಳಗಿಂದ ಸಣ್ಣದೊಂದು ಸಿಳ್ಳೆ ಕೇಳಿಸಿತು.

"ಯಾರೇ ಅದು ಸಿಳ್ಳೆ ಹೊಡೀತಿರೋದು?" ಎಂದರು ಅಮ್ಮ.

"ಟರ್ಬೊ ಅತ್ತೆ."

"ಈ ವಯಸ್ಸಲ್ಲಿ!"

ಸಿಳ್ಳೆ ಏರಿದಂತೆ ಲಾರಿಯೂ ಏರಿತು. ಐದನೇ ತಿರುವು ಕಳೆಯಿತು. ಆರನೆಯದು ಬಂತು. ಅವಳ ಕಾಲು ಅಭ್ಯಾಸಬಲದಿಂದ ಬ್ರೇಕಿನತ್ತ ಸರಿಯಿತು. ಅಪ್ಪನ ಮುಕ್ಕೋಣದ ಕಲ್ಲು ರಸ್ತೆಯಂಚಿನಲ್ಲಿ, ಬಾ ಎನ್ನುವಂತೆ ಕೂತಿತ್ತು. ಗಂಡ ಇಂಜಿನ್ನಿನ ಬಿಸಿ ತೋರಿಸುವ ಗೇಜಿನ ಮುಳ್ಳನ್ನೇ ನೋಡುತ್ತಿದ್ದ. ಅವಳು ಕಾಲನ್ನು ಮತ್ತೆ ಆಕ್ಸಿಲರೇಟರಿಗೆ ತಂದು ಒತ್ತಿದಳು. ಲಾರಿ ಒಂದು ಕ್ಷಣ ಯೋಚಿಸಿತು. ಆಮೇಲೆ ಇನ್ನೂರು ಕುಂಡ, ಒಬ್ಬ ಅತ್ತೆ, ಇಪ್ಪತ್ತೆರಡು ವರ್ಷದ ಸಂಸಾರ ಎಲ್ಲವನ್ನೂ ಹೊತ್ತು ಕಲ್ಲನ್ನು ದಾಟಿಹೋಯಿತು. ಅವಳು ಕಲ್ಲಿಗೆ ಹಾರ್ನ್ ಹೊಡೆದಳು. ಅಮ್ಮ ಚಪ್ಪಾಳೆ ತಟ್ಟಿದರು. ಮೂವರೂ ನಕ್ಕ ನಗುವಿಗೆ ಟರ್ಬೊದ ಸಿಳ್ಳೆಯೇ ಕೇಳಿಸದಾಯಿತು.

ಎಂಟಕ್ಕೆ ಹದಿನಾಲ್ಕು ನಿಮಿಷ ಇರುವಾಗಲೇ ಗಿಡದಂಗಡಿಯ ಎದುರು ಲಾರಿ ನಿಂತಿತು. ಯಜಮಾನಿ ಬೀಗದ ಕೈ ಹಿಡಿದು ಆಗಷ್ಟೇ ಬಂದವಳು, ಬಾಯಿ ಬಿಟ್ಟುಕೊಂಡು ಲಾರಿ ನೋಡಿದಳು, ಗಡಿಯಾರ ನೋಡಿದಳು.

"ನಾನಿನ್ನೂ ಬಾಗಿಲೇ ತೆಗೆದಿಲ್ಲವಲ್ಲೇ! ಸರಿ, ಇನ್ಮೇಲೆ ಹೀಗೇ ಬಾ. ಬೇರೆ ಯಾರನ್ನೂ ಕರೆಯಲ್ಲ." ಬಾಗಿಲು ತೆರೆಯಲು ಓಡಿದಳು. ಅಮ್ಮನೂ ಗಿಡ ನೋಡಲೆಂದು ಇಳಿದು ಅವಳ ಹಿಂದೆಯೇ ಹೋದರು.

ಸ್ಟೀರಿಂಗ್ ಹಿಂದೆ ಕೂತವಳ ಕೈ ಕೀಲಿಗೆ ಹೋಯಿತು. ಗಂಡ ಎರಡು ಬೆರಳು ತೋರಿಸಿದ. ಕೈ ಹಿಂದಕ್ಕೆ ತೆಗೆದಳು.

ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಮದುವೆಯಾದ ಮೇಲೆ ಕೆಲಸವಿಲ್ಲದೆ ಅವನ ಪಕ್ಕ ಕೂತದ್ದು ಇದೇ ಮೊದಲೇನೋ ಎನ್ನಿಸಿತು ಅವಳಿಗೆ. ಅವನ ಉಗುರಿನ ಸಂದಿಯ ಗ್ರೀಸನ್ನು, ಬೆಸುಗೆಯ ಕಿಡಿ ತಾಗಿದ ಮುಂಗೈಯ ಕಲೆಯನ್ನು ನೋಡಿದಳು. ಭಾನುವಾರ ಗುಜರಿಯವನು ಬರುವುದಿಲ್ಲ. ಅಪ್ಪನ ಲಾರಿ ಹೋಗುವುದಿಲ್ಲ. ಮೂರು ವಾರದಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಆಗ ಹೊರಬಿತ್ತು.

"ರೀ, ಒಂದು ಕೇಳ್ತೀನಿ, ನಿಜ ಹೇಳಿ. ಯಾವತ್ತೂ ಆಮೇಲೆ ಅನ್ನೋರು ಈ ಸಲ ಹೇಳದೇನೇ ಶುರು ಮಾಡಿಬಿಟ್ರಲ್ಲ, ಯಾಕೆ? ಅಪ್ಪನ ಗಾಡಿ ಅಂತಾನಾ? ನನ್ನ ಮುಖ ನೋಡೋಕಾಗಲಿಲ್ವಾ?"

ಅವನು ಯೋಚಿಸಿದ. ಎರಡು ನಿಮಿಷ ಪೂರ್ತಿ ಆಗಲು ಬಿಟ್ಟ. ಬಾಗಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

"ಬಾಗಿಲಿಗೆ ನೀನು ಕೊಂಡಿ ಹಾಕಿಸಿಬಿಟ್ಟೆಯಲ್ಲ," ಅಂದ. "ಆಮೇಲೆ ಆ ಟರ್ಬೊಗೆ ಕೆಲಸಾನೇ ಇರಲಿಲ್ಲ."