ನಳಿಗೆಗೆ ಕುಂಕುಮ

ಅಳೆಯುವುದು ನನ್ನ ಚಟ. ಹೋಟೆಲಿನಲ್ಲಿ ದೋಸೆ ಬಂದಾಗ ಎಲ್ಲರೂ ಚಟ್ನಿಯ ಕಡೆ ನೋಡಿದರೆ, ನಾನು ಅದರ ಅಂಚಿನ ದಪ್ಪಕ್ಕೂ ನಡುವಿನ ದಪ್ಪಕ್ಕೂ ಎಷ್ಟು ವ್ಯತ್ಯಾಸವೆಂದು ಬೆರಳಲ್ಲಿ ಹಿಸುಕಿ ನೋಡುತ್ತೇನೆ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ, ಆಮೇಲೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹತ್ತೊಂಬತ್ತು ವರ್ಷ, ಬೇರೆಯವರು ಮಾಡಿದ್ದನ್ನು ಅಳೆದು ‘ಸರಿ’, ‘ತಪ್ಪು’ ಎಂದು ಸಹಿ ಹಾಕಿ ಅನ್ನ ತಿಂದವನು ನಾನು. ಸ್ವಂತಕ್ಕೆ ಒಂದು ಮೊಳೆಯನ್ನೂ ಮಾಡದೆ ಇತರರ ಕೆಲಸಕ್ಕೆ ಅಂಕ ಕೊಡುವುದರಲ್ಲಿ ಎಂಥ ಸುಖವಿದೆ ಎಂಬುದು ಸಾಹಿತ್ಯ ವಿಮರ್ಶಕರಿಗೆ ಚೆನ್ನಾಗಿ ಗೊತ್ತು. ನೆತ್ತಿಗೇರಿದ ಆ ಸುಖ 2014ರ ನವರಾತ್ರಿಯಲ್ಲಿ ಹೇಗೆ ಇಳಿಯಿತು ಎಂಬುದನ್ನು ನಿಮ್ಮಲ್ಲಿ ಹೇಳಿಕೊಳ್ಳಬೇಕು.

ಇದಕ್ಕೆಲ್ಲ ಮೂಲ ಡಾಕ್ಟರ್ ನಂಜುಂಡಯ್ಯನವರು. ಮೈಸೂರಿನವರು, ನಮ್ಮಲ್ಲಿಂದ ಎರಡು ಗಂಟೆ ದಾರಿಯ ಸೆರಿಟೋಸ್‌ನಲ್ಲಿ ಮನೆ. ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ರೋಗಿಗಳನ್ನು ಮಲಗಿಸಿ ಎಬ್ಬಿಸಿ ನಿವೃತ್ತರಾದ ಅರಿವಳಿಕೆ ತಜ್ಞರು. ಜಿರಲೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ತೋಟಕ್ಕೆ ಬಿಟ್ಟುಬರುವ ಈ ಸಾಧುಪ್ರಾಣಿಗೆ ಅರವತ್ತು ದಾಟಿದ ಮೇಲೆ ರೈಫಲ್ಲಿನ ಹುಚ್ಚು ಹಿಡಿಯಿತು. ಕೊಲ್ಲುವುದಕ್ಕಲ್ಲ, ನೂರು ಗಜದಾಚೆ ನಿಲ್ಲಿಸಿದ ಕಾಗದಕ್ಕೆ ಐದು ಗುಂಡು ಹೊಡೆದು, ಐದೂ ಒಂದೇ ತೂತಿನಲ್ಲಿ ಹಾದುಹೋಗುವಂತೆ ಮಾಡುವುದಕ್ಕೆ. ಹಾಗೆ ಹೊಡೆದವರ ಕಾಗದವನ್ನು ಅವರ ಕ್ಲಬ್ಬಿನ ಗೋಡೆಯ ಮೇಲೆ ಹೆಸರು ಬರೆದು ತೂಗುಹಾಕುತ್ತಾರೆ. ಡಾಕ್ಟರು ಒಂಬತ್ತು ವರ್ಷದಿಂದ ಆ ಗೋಡೆಯ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದರು, ಅಷ್ಟೇ.

“ಕಣ್ಣು ಮಂಜಾಗ್ತಿದೆ ಕಣಯ್ಯಾ. ಇನ್ನೊಂದೆರಡು ಸೀಸನ್. ಅಷ್ಟ್ರಲ್ಲಿ ಒಂದೇ ಒಂದ್ಸಲ ಆ ಗೋಡೆ ಮೇಲೆ ಹೋಗ್ಬಿಟ್ರೆ ಸಾಕು” ಎಂದು ಒಮ್ಮೆ ಹೇಳಿದರು. ಎಪ್ಪತ್ತೊಂದರ ಮುಖದಲ್ಲಿ ಹೈಸ್ಕೂಲು ಹುಡುಗನ ಆಸೆಯಿತ್ತು.

ಅವರ ಪ್ರಕಾರ ಈವರೆಗಿನ ತಪ್ಪೆಲ್ಲ ನಳಿಗೆಯದು, ಅಂದರೆ ಬ್ಯಾರೆಲ್ಲಿನದು. ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತವೆ. ತಿರುಗುವ ವಸ್ತು ಓಲಾಡದೆ ನೆಟ್ಟಗೆ ಹೋಗುತ್ತದೆ. (ಮನುಷ್ಯರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಎಷ್ಟೇ ತಿರುಗಿದರೂ ನಾವು ಓಲಾಡುವುದು ಓಲಾಡುವುದೇ.) ಆ ಗೆರೆಗಳನ್ನು ಕೂದಲೆಳೆಯ ಐವತ್ತರಲ್ಲೊಂದು ಪಾಲಿನಷ್ಟು ಕರಾರುವಾಕ್ಕಾಗಿ ಕೊರೆಯುವ ಕಸುಬುದಾರರು ಅಮೆರಿಕದಲ್ಲಿ ಅಲ್ಲಲ್ಲಿ ಇದ್ದಾರೆ. ಯಾರು ಮೇಲು ಎಂದು ಇಂಟರ್‌ನೆಟ್ಟಿನಲ್ಲಿ ನಡೆಯುವ ಜಗಳದ ಮುಂದೆ ನಮ್ಮ ಮಠಗಳ ವಾದವಿವಾದ ಏನೂ ಅಲ್ಲ. ಡಾಕ್ಟರು ಎರಡು ವರ್ಷ ಅದನ್ನೆಲ್ಲ ಓದಿ ತಲೆ ಕೆಡಿಸಿಕೊಂಡು, ಕೊನೆಗೆ ಮೂವರಿಂದ ಒಂದೊಂದು ನಳಿಗೆ ತರಿಸಿದರು. ಉತ್ತರದ ಹಿಮದೂರಿನ ಒಬ್ಬ ಮುದುಕ, ಮರುಭೂಮಿಯ ಒಬ್ಬ ಮಾಜಿ ಸೈನಿಕ, ಮತ್ತು ಅಪ್ಪ ಮಗಳು ಸೇರಿ ನಡೆಸುವ ಒಂದು ಪುಟ್ಟ ಕಾರ್ಖಾನೆ. ಮೂರಕ್ಕೂ ಅದೇ ಉಕ್ಕು, ಅದೇ ನಾಲ್ಕು ಗೆರೆ, ಅದೇ ತಿರುವು. ಸ್ಯಾಂಟಾ ಕ್ಲಾರಿಟಾದ ಕುಶಲಕರ್ಮಿಯೊಬ್ಬ ಅವನ್ನು ರೈಫಲ್ಲಿಗೆ ಹೊಂದುವಂತೆ ಕಡೆದುಕೊಟ್ಟ. ಕಡೆಯುವಾಗ ತಯಾರಕರ ಮುದ್ರೆಯಿದ್ದ ತುದಿಗಳು ಕತ್ತರಿಸಿಹೋದವು.

“ನೀನೇ ಅಳೆದು ಹೇಳು. ನೀನು ಹೇಳಿದ್ದೇ ಫೈನಲ್” ಎಂದು ಡಾಕ್ಟರು ಮೂರನ್ನೂ ಮೀರಾ ಮೆಸಾ ಬಡಾವಣೆಯ ನಮ್ಮ ಗ್ಯಾರೇಜಿನಲ್ಲಿ ಇಳಿಸಿ, ಯಾವುದು ಯಾರದೆಂದು ತೋರಿಸಿ ಹೋದರು. ಇಂಥ ಮಾತು ಕೇಳಿಸಿಕೊಳ್ಳಲೆಂದೇ ನಾನು ಹುಟ್ಟಿದ್ದೆ ಅನ್ನಿಸಿತು. ಗುರುತಿಗೆಂದು ಹೆಂಡತಿಯ ನೇಲ್ ಪಾಲಿಶ್ ತಂದು ಹಿಮದೂರಿನದಕ್ಕೆ ಒಂದು ಬೊಟ್ಟು, ಮರುಭೂಮಿಯದಕ್ಕೆ ಎರಡು, ಅಪ್ಪಮಗಳದಕ್ಕೆ ಮೂರು ಬೊಟ್ಟು ಇಟ್ಟೆ. ನಳಿಗೆಯೊಳಗೆ ಗಾಳಿ ಊದಿ ಒಳವ್ಯಾಸ ತಿಳಿಯುವ ಹಳೆಯ ಉಪಕರಣವೊಂದು ನನ್ನಲ್ಲಿತ್ತು. ಗಾಜಿನ ಕೊಳವೆಯಲ್ಲಿ ತೇಲುವ ಮಣಿ ಅಳತೆಯ ಯಾವ ಗೆರೆಯ ಬಳಿ ನಿಂತಿತೆಂದು ಕಣ್ಣಿನಿಂದ ಓದಬೇಕು. ಎರಡು ವಾರಾಂತ್ಯ ಊಟ ತಿಂಡಿ ಮರೆತು ಓದಿದೆ. ಇಪ್ಪತ್ತೆರಡು ಪುಟಗಳ ವರದಿ ತಯಾರಾಯಿತು. ಹಿಮದೂರಿನ ಮುದುಕನೇ ಪ್ರಥಮ. ಕೊನೆಯ ಪುಟದಲ್ಲಿ ‘ಅಳತೆ ತಪ್ಪಲು ಇರಬಹುದಾದ ಕಾರಣಗಳು’ ಎಂದು ಆರು ಬರೆದಿದ್ದೆ: ಗ್ಯಾರೇಜಿನ ಬಿಸಿ, ಮರುಭೂಮಿಯಿಂದ ಬೀಸುವ ಗಾಳಿಯ ಧೂಳು, ಪಕ್ಕದ ವಾಯುನೆಲೆಯಿಂದ ಹಾರಿ ತಲೆಯ ಮೇಲೆ ಗುಡುಗುವ ಯುದ್ಧವಿಮಾನಗಳು, ಪಕ್ಕದಲ್ಲಿ ಕುಣಿಯುವ ವಾಷಿಂಗ್ ಮೆಷಿನ್, ಹೀಗೆ. ವರದಿ ಕೈಸೇರಿದ ದಿನವೇ ಡಾಕ್ಟರು ಕ್ಲಬ್ಬಿನವರಿಗೆಲ್ಲ ತೀರ್ಪು ಸಾರಿಬಿಟ್ಟರಂತೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಾನು ಆಫೀಸಿನಿಂದ ಬರುವ ಹೊತ್ತಿಗೆ ಹೆಂಡತಿ ವಿಮಲಾ ಎರಡೂ ಕಾರು, ಮಿಕ್ಸಿ, ಡ್ರಿಲ್ಲುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟಿದ್ದಳು. ಮೂರು ನಳಿಗೆಗಳೂ ಸಾಲಾಗಿ ಮಲಗಿ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ದುಂಡು ಕುಂಕುಮ. ನೇಲ್ ಪಾಲಿಶ್ ಮಾತ್ರ ಎಲ್ಲೂ ಇಲ್ಲ.

“ಏನೋ ಬಣ್ಣ ಮೆತ್ಕೊಂಡಿತ್ತು ರೀ. ರಿಮೂವರ್ ಹಾಕಿ ಉಜ್ಜಿ ಉಜ್ಜಿ ತೆಗ್ದೆ. ಪೂಜೆಗೆ ಕೊಳೆ ಇಡಕ್ಕಾಗತ್ತಾ? ಇವು ನಿಜವಾದ ಆಯುಧ ಬೇರೆ!” ಎಂದಳು ಹೆಮ್ಮೆಯಿಂದ.

ನನಗೆ ಗಾಬರಿಯಾಗಲಿಲ್ಲ. ವರದಿಯಿದೆ, ಇನ್ನೊಮ್ಮೆ ಅಳೆದರೆ ಯಾವುದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಅಳೆದೆ. ಬಾಗಿಲ ಬಳಿಯದು ಪ್ರಥಮ ಬಂತು. ಸಮಾಧಾನಕ್ಕೆಂದು ಮಾರನೆಯ ದಿನ ಮತ್ತೆ ಅಳೆದರೆ ಅದೇ ಕೊನೆಗೆ ಹೋಯಿತು. ಮೂರನೆಯ ದಿನ ನಡುವಿನದು ಮುಂದೆ ಬಂತು. ಮೂರರ ನಡುವಿನ ವ್ಯತ್ಯಾಸ ನನ್ನ ಉಪಕರಣದ ಕೈಗೆ ನಿಲುಕದಷ್ಟು ಸಣ್ಣದು. ಹಾಗಾದರೆ ಆ ಪ್ರಥಮ ಸ್ಥಾನ ಎಲ್ಲಿಂದ ಬಂತು? ಹಿಮದೂರಿನ ಮುದುಕ ನಳಿಗೆಯ ಜೊತೆ ದುಂಡು ಅಕ್ಷರದಲ್ಲಿ ಒಂದು ಪತ್ರ ಬರೆದು ಕಳಿಸಿದ್ದ. ನನಗೆ ಅವನು ತುಂಬ ಹಿಡಿಸಿದ್ದ. ಮಣಿ ಎರಡು ಗೆರೆಗಳ ನಡುವೆ ನಿಂತಾಗಲೆಲ್ಲ ನನ್ನ ಕಣ್ಣು ಅವನ ಕಡೆಗೇ ವಾಲಿತ್ತು.

ಶನಿವಾರ ಡಾಕ್ಟರು ನಳಿಗೆ ಒಯ್ಯಲು ಬರುವವರಿದ್ದರು. ಯಾವುದೋ ಒಂದಕ್ಕೆ ಮತ್ತೆ ಒಂದು ಬೊಟ್ಟು ಇಟ್ಟುಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ನೇಲ್ ಪಾಲಿಶಿನ ಮುಚ್ಚಳ ಬಿಚ್ಚಿಯೂ ಇದ್ದೆ. ಆದರೆ ಗೋಡೆಯ ಆಸೆ ಹೊತ್ತು ಬರುವ ಮುಖ ನೆನಪಾಗಿ ಕೈ ಬರಲಿಲ್ಲ. ಅವರು ಬಂದೊಡನೆ ಎಲ್ಲ ಒಪ್ಪಿಸಿದೆ. “ಗ್ಯಾರೇಜಿನ ಬಿಸಿ ಜಾಸ್ತಿಯಾಯ್ತು ಅನ್ಸತ್ತೆ” ಎಂದೂ ಸೇರಿಸಿದೆ.

ಡಾಕ್ಟರು ಮೂರು ನಳಿಗೆಗಳನ್ನೂ ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ಅವರ ಹೊಟ್ಟೆ ನಗುವಿನಿಂದ ಮೆಲ್ಲಗೆ ಕುಲುಕತೊಡಗಿತು. “ಅಂದ್ರೆ ಮೂವರೂ ಅಷ್ಟು ಚೆನ್ನಾಗಿ ಮಾಡಿದಾರೆ ಅಂತಾಯ್ತು! ವಿಮಲಾ, ನೀನೇ ಒಂದು ಆರಿಸಮ್ಮಾ” ಎಂದರು. ಅವಳು ಕುಂಕುಮ ನೆಟ್ಟಗೆ ಕೂತಿದ್ದ ನಳಿಗೆಯನ್ನು ತೋರಿಸಿದಳು.

ನವೆಂಬರಿನ ಸ್ಪರ್ಧೆಗೆ ನಾನೂ ಹೋದೆ. ಡಾಕ್ಟರು ಮೇಜಿಗೆ ಕೂತು, ಹಿಂದೆ ರೋಗಿಗಳ ಉಸಿರು ಕಾಯುತ್ತಿದ್ದಂತೆ ಒಂದೊಂದು ಗುಂಡಿಗೂ ತಮ್ಮ ಉಸಿರು ಕಾದು ಹೊಡೆದರು. ಕಾಗದ ತಂದು ನೋಡಿದರೆ ನಾಲ್ಕು ಗುಂಡು ಒಂದೇ ತೂತಿನಲ್ಲಿ. ಐದನೆಯದು ಒಂದು ಅಕ್ಕಿಕಾಳಿನಷ್ಟು ಆಚೆ.

“ಗಾಳಿ ಬೀಸ್ತು ಸಾರ್, ನಾನೇ ನೋಡ್ದೆ” ಎಂದೆ. ಸುತ್ತ ನೆರೆದವರು ಯಾರ ಬ್ಯಾರೆಲ್ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ಗಾಳಿ ಅಲ್ಲಯ್ಯಾ, ಬ್ಯಾರೆಲ್ಲೂ ಅಲ್ಲ. ನಾಲ್ಕಾದ್ಮೇಲೆ ಗೋಡೆ ನೆನಪಾಗ್ಬಿಡ್ತು, ಉಸಿರು ತಪ್ತು. ಐದನೇದು ನಂದೇ!”

ಒಂಬತ್ತು ವರ್ಷದಲ್ಲಿ ಮೊದಲ ಸಲ ಹಾಗಂದರು, ಅದೂ ನಗುನಗುತ್ತಾ. ಕಾಗದ ಗೋಡೆಗೇರಲಿಲ್ಲ. ಅದನ್ನವರು ಮಡಿಸಿ ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ತೆಗೆದು ತೆಗೆದು ನೋಡಿ ಖುಷಿಪಟ್ಟರು.

ಮನೆಗೆ ಬಂದವನೇ ವರದಿಯ ಕೊನೆಯ ಪುಟ ತೆರೆದೆ. ಬಿಸಿ, ಧೂಳು, ವಿಮಾನ, ವಾಷಿಂಗ್ ಮೆಷಿನ್ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಅವುಗಳ ಕೆಳಗೆ ಏಳನೆಯ ಕಾರಣವಾಗಿ ನನ್ನ ಹೆಸರು ಬರೆದೆ. ಇಪ್ಪತ್ತೆರಡು ಪುಟಗಳಲ್ಲಿ ಮತ್ತೆ ಅಳೆದು ನೋಡುವ ಅಗತ್ಯವಿಲ್ಲದ ಸಾಲು ಅದೊಂದೇ.