ನನ್ನೊಡನೆ ಲೈನ್ ನಡೆದವಳು

ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ನಮ್ಮ ತರಬೇತಿ ನಡೆಯುತ್ತಿತ್ತು. ಫೈಬರ್ ಕೇಬಲ್ ಪರೀಕ್ಷಿಸುವುದನ್ನು ಟೆಕ್ನಿಷಿಯನ್ನರಿಗೆ ಕಲಿಸುವುದು ನನ್ನ ಕೆಲಸ. ಬೈಲಹೊಂಗಲ ಮುಗಿದರೆ ಕಿತ್ತೂರು, ಆಮೇಲೆ ಸವದತ್ತಿ, ರಾಮದುರ್ಗ; ಒಂದೊಂದು ಊರಿಗೆ ಒಂದೂವರೆ ತಿಂಗಳು. ಹದಿನಾಲ್ಕು ಗಂಡಸರಿದ್ದ ಒಂದು ತಂಡಕ್ಕೆ ಎರಡನೆಯ ದಿನ ಒಬ್ಬ ಹೆಂಗಸು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸವದತ್ತಿಯವಳು, ಇಪ್ಪತ್ತು ವರ್ಷ ಮನೆಯಲ್ಲೇ ಜಂಪರು ಹೊಲಿದವಳು, ಗಂಡ ಟೆಂಪೊ ಓಡಿಸುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿದಳು: "ಬಾಯಾರ, ಕಲಿಯಾಕ ವಯಸ್ಸಿನ ಲೆಕ್ಕ ಐತೇನ್ರಿ?"

ಇಲ್ಲ ಎಂದೆ. ಅಂದಿನಿಂದ ಕಲಿಸುವ ನಾನು ಅವಳಿಗೆ ಬಾಯಾರ, ಅಕ್ಕನಂತಿದ್ದ ಅವಳು ನನಗೆ ಆಪಾ.

ಕೇಬಲ್ಲಿನೊಳಗಿನ ಗಾಜಿನ ಎಳೆ ಕೂದಲಿನಷ್ಟು ಸಣ್ಣದು. ಕತ್ತರಿಸಿದ ಚೂರು ನೆಲಕ್ಕೆ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಇದನ್ನು ಗಂಡಸರಿಗೆ ದಿನಕ್ಕೆ ಹತ್ತು ಸಲ ಹೇಳಬೇಕಿತ್ತು. ಚಾಪೆಯ ಮೇಲಿನ ಸೂಜಿ ಹೆಕ್ಕಿ ಹೆಕ್ಕಿ ಮಕ್ಕಳನ್ನು ಬೆಳೆಸಿದ ಆಪಾಗೆ ಹೇಳಬೇಕಾಗಲಿಲ್ಲ. ಎಳೆಯ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಧೂಳಿನ ಕಣ ಬಂಡೆಗಲ್ಲಿನಂತೆ ಕಾಣುತ್ತದೆ. ಒಬ್ಬಾತ ಅಂಗಿಯ ಚುಂಗಿನಿಂದ ಅದನ್ನು ಒರೆಸಲು ಹೋದಾಗ ಆಪಾ ಅವನ ಕೈ ತಡೆದು, ಕೂಸಿನ ಕಣ್ಣು ಒರೆಸುವ ಹಾಗೆ ಒರೆಸಬೇಕು ಎಂದಳು. ನನ್ನ ಪಾಠದಲ್ಲಿ ಅಷ್ಟು ಸರಿಯಾದ ಮಾತು ಇರಲಿಲ್ಲ.

ಕೊನೆಯ ವಾರದ ಪರೀಕ್ಷೆಗೆ ಎಲ್ಲರನ್ನೂ ಸಿರಸಂಗಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿಯ ಲೈನ್ ಕೆಲವು ದಿನಗಳಿಂದ ಮಂಕಾಗಿತ್ತು. ನಮ್ಮ ಬಳಿ ಕೇಬಲ್ಲಿಗೆ ಬೆಳಕು ಬಿಟ್ಟು, ದೋಷ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಮಷಿನ್ ಇರುತ್ತದೆ. ಅದು ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ತೋರಿಸಿತು. ಗಂಡಸರು ಬೈಕಿನ ಮೀಟರ್ ನೋಡಿಕೊಂಡು ಹೋಗಿ ಜೋಳದ ಹೊಲದ ನಡುವೆ ನಿಂತರು. ಅಲ್ಲಿ ಕೇಬಲ್ ಸರಿಯಾಗಿಯೇ ಇತ್ತು. ಕಂಬಗಳ ಮೇಲೆ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲಿನ ಉದ್ದವನ್ನು ಆ ಲೆಕ್ಕದಿಂದ ಕಳೆಯಬೇಕೆಂದು ನೆನಪಿಸಿದೆ. ಕಳೆದಾಗ ದೋಷ ಊರೊಳಗಿನ ನಾಲ್ಕೈದು ಮನೆಗಳ ನಡುವೆ ಬಂತು. ಆದರೆ ಹೊತ್ತು ಏರಿದ ಮೇಲೆ ಮನೆಯಲ್ಲಿದ್ದವರು ಹೆಂಗಸರಷ್ಟೇ. ಬಾಗಿಲು ತಟ್ಟಿದ ಗಂಡಸರಿಗೆ, ಮನೆಯವರು ಹೊಲದಿಂದ ಬಂದ ಮೇಲೆ ಬನ್ನಿ ಎಂಬ ಉತ್ತರ ಸಿಕ್ಕಿತು.

ಆಪಾ ಒಂದು ಮನೆಗೆ ಹೋಗಿ ಕುಡಿಯಲು ನೀರು ಕೇಳಿದಳು. ಹತ್ತು ನಿಮಿಷದಲ್ಲಿ ಮೂರನೆಯ ಮನೆಯ ಹಿತ್ತಲಿನಿಂದ ನನ್ನನ್ನು ಕರೆದಳು. ದನದ ಕೊಟ್ಟಿಗೆಯ ತಗಡು ಗಾಳಿಗೆ ಹಾರದಂತೆ, ಆ ಮನೆಯವರು ಕೇಬಲ್ಲನ್ನೇ ಎಳೆದು ಗೂಟಕ್ಕೆ ಮಡಚಿ ಬಿಗಿದಿದ್ದರು. ಮನೆಯ ಮುದುಕಿ, ದಂಡ ಹಾಕುತ್ತಾರೆಂದು ಹೆದರಿ ಗೋಡೆಗೆ ಆತು ನಿಂತಿದ್ದಳು.

"ಯಾರೂ ನಿಮಗ ಏನೂ ಅನ್ನಂಗಿಲ್ಲ ಅವ್ವಾರ," ಎಂದಳು ಆಪಾ. "ಇದನ್ನ ಹಿಂಗ ಮಡಚಿದ್ರ ಒಳಗಿನ ಬೆಳಕು ಹೊರಗ ಹೋಗತೈತಿ, ಅಷ್ಟ. ಒಂದ ಹಗ್ಗಾ ಕೊಡ್ರಿ."

ತಗಡನ್ನು ಹಗ್ಗದಿಂದ ಕಟ್ಟಿ, ಕೇಬಲ್ಲನ್ನು ಅಗಲವಾದ ಸುತ್ತಿನಲ್ಲಿ ಬಿಟ್ಟಳು. ಮಷಿನ್ನಿನ ಗೆರೆ ನೆಟ್ಟಗಾಯಿತು. ಮುದುಕಿ ಹದಿನಾರು ಮಂದಿಗೂ ಚಹಾ ಮಾಡಿದಳು.

ಆಮೇಲೆ ಎರಡು ವರ್ಷ ಆಪಾ ನನ್ನ ಸಹಾಯಕಿಯಾಗಿದ್ದಳು. ಕೆಲಸ ಸವದತ್ತಿಯ ಆಚೆಗಿದ್ದ ದಿನ ನಾನು ಬೈಲಹೊಂಗಲದಿಂದ ಹೋಗಿ ಅಲ್ಲಿ ಬಸ್ ಬದಲಿಸುತ್ತಿದ್ದೆ. ಅವಳು ಆಗಲೇ ರಾಮದುರ್ಗದ ಬಸ್ ಹತ್ತಿ, ಪಕ್ಕದ ಸೀಟಿಗೆ ಚೀಲವಿಟ್ಟು ಕಾಯುತ್ತಿದ್ದಳು. ಉಗರಗೋಳದಲ್ಲಿ ದೇವಿಗೆ ಏರಿಸುವ ಕುಂಕುಮ-ಭಂಡಾರದ ಅಂಗಡಿಗಳ ಹಿಂದೆ ಲೈನ್ ನೋಡುತ್ತ ನಡೆದದ್ದು, ಯಾರದೋ ಬಾವಿಕಟ್ಟೆಯಲ್ಲಿ ಕುಳಿತು ಅವಳ ಖಡಕ್ ರೊಟ್ಟಿಗೆ ನನ್ನ ತಾಯಿಯ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದದ್ದು, ಇವು ದೊಡ್ಡ ಸಂಗತಿಗಳೇನಲ್ಲ. ಆದರೆ ಮೂವತ್ತೆಂಟಾದರೂ ನಾನೇಕೆ ಮದುವೆಯಾಗಲಿಲ್ಲವೆಂದು ಕೇಳದವರು ನನ್ನ ಬದುಕಿನಲ್ಲಿ ಬಹಳ ಕಡಿಮೆ. ಆಪಾ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಆಗ ರಾಮದುರ್ಗದಲ್ಲಿ ಲೈನ್ ಪರೀಕ್ಷಿಸುವ ತಂಡಕ್ಕೆ ಒಬ್ಬ ಮುಖ್ಯಸ್ಥರು ಬೇಕಾದರು. ಗುತ್ತಿಗೆದಾರರು ಹೆಸರು ಸೂಚಿಸಲು ನನಗೆ ಹೇಳಿದರು. ನಾನು ಒಬ್ಬ ಗಂಡಸಿನ ಹೆಸರು ಕೊಟ್ಟೆ. ಕೆಲಸ ಬಲ್ಲವನೇ, ಬೈಕ್ ಇತ್ತು, ಕರೆದ ಹೊತ್ತಿಗೆ ಹೋಗಬಲ್ಲವನು. ಆಪಾಗೆ ಮನೆ-ಮಕ್ಕಳಿದ್ದಾರೆ, ಅವಳಿಗೆ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಅಡಿಯಲ್ಲಿ ಇನ್ನೊಂದು ಕಾರಣವಿತ್ತು. ಅವಳು ಅಲ್ಲಿಯ ಮುಖ್ಯಸ್ಥೆಯಾದರೆ ಬಸ್ಸಿನಲ್ಲಿ ನಾನು ಒಬ್ಬಳೇ.

ಸುದ್ದಿ ಅವಳಿಗೆ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಯಿತು. "ಬಾಯಾರ, ಒಂದ ಮಾತು ನನ್ನ ಕೇಳಬೇಕಿತ್ತು," ಎಂದಳು. ನಾನು ಬೈಕಿನ ಮಾತೆತ್ತಿದೆ. "ಬೈಕ್ ಕಲಿಯೂದು ಈ ಗಾಜಿನ ದಾರಕ್ಕಿಂತ ತ್ರಾಸ ಇರತಿತ್ತೇನ್ರಿ?" ಎಂದಷ್ಟೇ ಕೇಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನವೂ ಅವಳು ನನಗಾಗಿ ಸೀಟು ಹಿಡಿದಿದ್ದಳು.

ಎರಡು ತಿಂಗಳಾದ ಮೇಲೆ ಅವಳು ಕೆಲಸ ಬಿಟ್ಟಳು. ಮಿರಜದಲ್ಲಿ ತಂಗಿ ಇದ್ದಾಳೆ, ಗಂಡನ ಟೆಂಪೊಗೂ ಅಲ್ಲಿ ಬಾಡಿಗೆ ಚಲೋ ಸಿಗುತ್ತದೆ ಎಂದಷ್ಟೇ ಹೇಳಿದಳು. ಹೋದ ಮೇಲೆ ಅವಳ ಹಳೆಯ ನಂಬರು ಹತ್ತಲಿಲ್ಲ.

ವರ್ಷ ಕಳೆದು ಸವದತ್ತಿಯಲ್ಲಿ ಮತ್ತೆ ತರಬೇತಿ ಬಂದಾಗ ಅವಳ ಓಣಿಗೆ ಹೋದೆ. ಆಪಾಳಿಂದ ಹೊಲಿಗೆ ಕಲಿತ ಪಕ್ಕದ ಮನೆಯವಳು, ಆಪಾ ಈಗ ಮಿರಜದಲ್ಲಿ ಇದೇ ಕೆಲಸದಲ್ಲಿದ್ದಾಳೆ, ಕೈಕೆಳಗೆ ಎಂಟು ಜನರಿದ್ದಾರೆ, ಸ್ಕೂಟರಿನಲ್ಲಿ ತಿರುಗುತ್ತಾಳೆ ಎಂದು ಹೇಳಿ ಹೊಸ ನಂಬರು ಕೊಟ್ಟಳು. ಓಣಿ ದಾಟುವ ಮುಂಚೆಯೇ ಫೋನ್ ಮಾಡಿದೆ.

ನನ್ನ ದನಿ ಅವಳಿಗೆ ಕೂಡಲೇ ಗುರುತು ಸಿಕ್ಕಿತು. ಮೊದಲು ನನ್ನ ತಾಯಿಯ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದಳು. ನನಗೆ ತಡೆಯಲಾಗಲಿಲ್ಲ.

"ಆಪಾ, ಅವತ್ತ ಬೈಕಿನ ಮಾತು ಸುಳ್ಳು. ನೀವು ರಾಮದುರ್ಗಕ್ಕ ಹ್ವಾದ್ರ ನಾ ಒಬ್ಬಾಕೀನ ಆಗತೇನಿ ಅಂತ ಹಂಗ ಮಾಡಿದೆ."

ಅವಳು, "ಗೊತ್ತಿತ್ರಿ ನನಗ. ಅದಕ್ಕ ಮತ್ತ ಎರಡ ತಿಂಗಳು ಉಳದೆ," ಎಂದಳು.

ಈಗ ಅಪರೂಪಕ್ಕೆ ಅವಳೇ ಫೋನ್ ಮಾಡುತ್ತಾಳೆ. ಮಿರಜಕ್ಕೆ ಬರ್ರಿ ಎನ್ನುತ್ತಾಳೆ. ಬೆಳಗಾವಿಗೆ ಹೋಗಿ ರೈಲು ಹತ್ತಿದರೆ ಅರ್ಧ ದಿನದ ದಾರಿ. ಈ ತಿಂಗಳು ಕಿತ್ತೂರಿನಲ್ಲಿ ಕಲಿಸುತ್ತಿದ್ದೇನೆ, ತಂಡದಲ್ಲಿ ಮೂವರು ಹೆಂಗಸರಿದ್ದಾರೆ. ಇದು ಮುಗಿದ ಮೇಲೆ ಹೋಗಬೇಕು ಎಂದುಕೊಳ್ಳುತ್ತೇನೆ, ಹೋದ ಸಲವೂ ಹಾಗೇ ಅಂದುಕೊಂಡಿದ್ದೆ. ಹೋದರೆ ಅವಳು ರಜೆ ಹಾಕಿ, ಒಳ್ಳೆಯ ಅಡುಗೆ ಮಾಡಿ, ನನ್ನನ್ನು ಬೀಗರ ಹಾಗೆ ಕೂರಿಸುತ್ತಾಳೆ. ನನಗೆ ಅವಳೊಡನೆ ಒಂದು ದಿನದ ಕೆಲಸ ಬೇಕು. ಅದನ್ನು ಹೇಗೆ ಕೇಳುವುದೆಂದು ಇನ್ನೂ ತಿಳಿದಿಲ್ಲ.