ಟೋಪಿ ಎಡಕ್ಕೆ, ವಿಭೂತಿ ಬಲಕ್ಕೆ

ಮನುಷ್ಯರನ್ನು ಓದುವುದರಲ್ಲಿ ನಾನು ಗಟ್ಟಿಗ ಎಂದು ಮೊನ್ನೆಯ ತನಕ ನಂಬಿದ್ದೆ. ಜೇವರ್ಗಿಯ ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕರೆದವನಿಗೆ ಅಷ್ಟು ಜಂಬ ಇರಬಾರದೇ? ಅದನ್ನು ಇಳಿಸಿದ್ದು ಗೆಳೆಯ ರಶೀದನ ಮಗಳ ಮದುವೆ.

ಗೊಬ್ಬೂರಿನ ಅವನ ಮನೆಯ ಮುಂದೆ, ನಮ್ಮ ಕಡೆಯ ರೂಢಿಯಂತೆ, ಎರಡು ಪೆಂಡಾಲು. ಎಡಕ್ಕೆ ಬಿರ್ಯಾನಿ, ಬಲಕ್ಕೆ ಬೇರೆ ಒಲೆಯಲ್ಲಿ, ಬೇರೆ ಅಡುಗೆಯವರು ಮಾಡಿದ, ಮಾಂಸವಿಲ್ಲದ ಸಾದಾ ಊಟ. ಬಂದವರನ್ನು ಕೇಳಿ ಕಳಿಸುವ ಕೆಲಸ ನನ್ನದು. ಬೆಳಿಗ್ಗೆಯೇ ರಶೀದ ಕಿವಿಯಲ್ಲಿ ಹೇಳಿದ್ದ: “ಸರ್, ಆಳಂದದಿಂದ ನಮ್ಮ ಮನಿಯಾಕಿ ಅಣ್ಣ ಬರ್ತಾರ. ಹಸಿರು ಶಾಲು. ಮಾಂಸ ಮುಟ್ಟಂಗಿಲ್ಲ. ಅವರು ಉಣಲಾರದ ಹೋದ್ರ ಈಕಿ ಜಲಮಿಡೀ ನನಗ ಬಿಡಂಗಿಲ್ಲ.”

ಮೊದಲ ಒಂದು ತಾಸು ಒಬ್ಬೊಬ್ಬರ ಮುಖ ನೋಡಿ, “ಏನು ಉಣ್ತೀರಿ?” ಎಂದು ಕೇಳಿದೆ. ಆಮೇಲೆ ಜನ ಬಂದರು ನೋಡಿ! ನೀರಿನ ಟ್ಯಾಂಕರಿಗೆ ಫೋನು ಮಾಡಬೇಕು, ಮದುಮಗನ ಕಾರಿನ ಕೀಲಿ ನನ್ನ ಜೇಬಿನಲ್ಲಿದೆ, ಬಲಗಡೆ ರೊಟ್ಟಿ ಮುಗಿದಿದೆ. ಆ ಗಳಿಗೆಗೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುವ ನೆನಪಿಗೆ ಮನಶ್ಶಾಸ್ತ್ರ ಓದಿದವರು ಕಾರ್ಯಸ್ಮೃತಿ ಎನ್ನುತ್ತಾರಂತೆ. ಅದರ ಅಗಲ ನಮ್ಮ ಮನೆಯ ಹಂಚಿನಷ್ಟೇ. ಹೊಸ ರೊಟ್ಟಿ ಹಾಕಬೇಕೆಂದರೆ ಹಳೆಯದನ್ನು ಇಳಿಸಲೇಬೇಕು. ನನ್ನ ತಲೆಯಿಂದ ಮೊದಲು ಇಳಿದದ್ದು ಆ ಪ್ರಶ್ನೆ, ಅದರ ಹಿಂದೆಯೇ ಹಸಿರು ಶಾಲು. ಕೊನೆಗೆ ಜಗತ್ತಿನಲ್ಲಿ ಎರಡೇ ನಮೂನೆಯ ಮನುಷ್ಯರು ಉಳಿದರು: ಟೋಪಿ ಎಡಕ್ಕೆ, ವಿಭೂತಿ ಬಲಕ್ಕೆ. ಕೆಲಸ ಎಷ್ಟು ಸಲೀಸಾಯಿತೆಂದರೆ ನನ್ನ ಚುರುಕಿಗೆ ನಾನೇ ಭೇಷ್ ಎಂದುಕೊಂಡೆ.

ಟ್ಯಾಂಕರು ಬಂತು, ಕೀಲಿ ಕೊಟ್ಟೆ, ತಲೆ ಹಗುರಾಯಿತು. ಆಗ ಹಸಿರು ಶಾಲು ಕಂಡಿತು, ತಲೆಗೆ ಟೋಪಿ ಹಾಕಿಕೊಂಡು ಹೊರಗೆ ಚಪ್ಪಲಿ ಹುಡುಕುತ್ತ. ಓಡಿಹೋಗಿ ಕೇಳಿದೆ:

“ಊಟ ಆತೇನ್ರಿ?”

“ಆತ್ರಿ, ಆತ್ರಿ.”

ಉಂಡವರಿಗೆಲ್ಲ ಕೊಡುವ ಪಾನು ಅವರ ಕೈಯಲ್ಲಿರಲಿಲ್ಲ. “ಖರೇ ಹೇಳ್ರಿ” ಎಂದೆ.

“ನೀವು ಕಳಿಸಿದಲ್ಲಿ ಕುಂತೆ, ಎದ್ದು ಬಂದೆ. ನಿಮ್ಮ ತಲ್ಯಾಗ ಭಾಳ ಕೆಲಸ ಇತ್ರಿ. ಮತ್ತ ಯಾಕ ತ್ರಾಸ ಕೊಡಬೇಕಂತ ಸುಮ್ಮನಾದೆ.”

ನನಗೆ ನಾಚಿಕೆಯಾಯಿತು. ಕೈಹಿಡಿದು ಬಲಗಡೆಗೆ ಕರೆದೊಯ್ದೆ. ಅಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಚೌಡಾಪುರದ ಯಜಮಾನರೊಬ್ಬರು ರೊಟ್ಟಿಗೆ ಕಾಯುತ್ತ ಕುಳಿತಿದ್ದರು; ಕಣ್ಣು ಮಾತ್ರ ಎಡಗಡೆಯ ಪೆಂಡಾಲಿನ ಮೇಲಿತ್ತು. ಆಳಂದದವರು ಬಾಗಿ, “ಯಜಮಾನ್ರ, ನೀವೇನು ಉಣ್ತೀರಿ?” ಎಂದರು. ನಾನು ಮರೆತಿದ್ದ ಪ್ರಶ್ನೆ!

“ಬಿರ್ಯಾನಿ ಅಂದ್ಕೊಂಡೇ ಬಂದಿದ್ನಿರಿ,” ಎಂದು ಯಜಮಾನರು ಮೆಲ್ಲಗೆ ಎದ್ದರು. ಆ ಜಾಗದಲ್ಲಿ ಕುಳಿತ ಆಳಂದದವರು ಎರಡು ಸಲ ಹುಗ್ಗಿ ಹಾಕಿಸಿಕೊಂಡರು. ನನಗೆ ಹೋದ ಜೀವ ಬಂತು.

ಸಂಜೆ ರಶೀದ ತಾನೇ ಚಹಾ ತಂದುಕೊಟ್ಟ. “ಸಕ್ರಿ ಹಾಕಿಲ್ರಿ ಸರ್. ರಿಟೈರ್ ಆದ ಮಾಸ್ತರ್ ಮಂದಿಗೆ ಶುಗರ್ ಇರ್ತದಲ್ಲ.”

ನನಗಿಲ್ಲ. ನಾನು ಮೂರು ಚಮಚದ ಗಿರಾಕಿ ಎಂಬುದು ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಆದರೆ ಈಗಷ್ಟೇ ಮಗಳನ್ನು ಕಳಿಸಿಬಂದ ಅವನ ಕಣ್ಣು ಇನ್ನೂ ಕೆಂಪಗಿತ್ತು. ಆ ತಲೆಯಲ್ಲಿ ನನ್ನ ಸಕ್ಕರೆಗೆ ಎಲ್ಲಿ ಜಾಗ?

“ಛಲೋ ಆಗ್ಯಾದ,” ಎಂದು ಕೊನೆಯ ಗುಟುಕಿನವರೆಗೂ ಕುಡಿದೆ.